ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರಿಗೆ ನೋಂದಣಿ ಬೇಕಾ? ಚರ್ಚೆ

ವಿಜಯನಗರದ ಅಮ್ಮ
ನನ್ನ ಮಗಳಿಗೆ 14 ತಿಂಗಳು. ಬೆಳಿಗ್ಗೆ ಎಂಟೂವರೆಗೆ ಪಕ್ಕದ ಕ್ರಾಸ್‌ನ ಒಂದು ಮನೆಯಲ್ಲಿ ಬಿಟ್ಟು ಆಫೀಸಿಗೆ ಹೋಗುತ್ತೇನೆ. ಸಂಜೆ ಆರೂವರೆಗೆ ಕರೆದುಕೊಂಡು ಬರುತ್ತೇನೆ. ಅಲ್ಲಿ ಇನ್ನೂ ಐದು ಮಕ್ಕಳಿದ್ದಾರೆ. ನೋಡಿಕೊಳ್ಳುವ ಅಕ್ಕ ಒಳ್ಳೆಯವರು. ಮಗಳು ಅವರನ್ನು ಕಂಡರೆ ಎರಡೂ ಕೈ ಚಾಚುತ್ತಾಳೆ. ಆದರೆ ಆ ಮನೆಯನ್ನು ಇವತ್ತಿನವರೆಗೆ ಒಬ್ಬ ಅಧಿಕಾರಿಯೂ ಬಂದು ನೋಡಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ಹುಡುಕಿ ಓದಿದೆ. 50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿದ್ದರೆ ಶಿಶುಪಾಲನಾ ಕೇಂದ್ರ ಇರಬೇಕು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. ನಮ್ಮ ಆಫೀಸಿನಲ್ಲಿರುವುದು 22 ಜನ. ಆ ಕೇಂದ್ರಗಳಿಗೆ 2018ರಲ್ಲಿ ಮಾರ್ಗಸೂಚಿ ಬಂತು: ಮಗುವಿಗೆ 10-12 ಚದರ ಅಡಿ ಜಾಗ, ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು, ಸಿಬ್ಬಂದಿಯ ಪೊಲೀಸ್ ಪರಿಶೀಲನೆ. ಖಾಸಗಿ ಪ್ಲೇಸ್ಕೂಲ್‌ಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಬರೆದ ನಿಯಮ 3ರಿಂದ 6 ವರ್ಷದವರಿಗೆ. ಒಂದು ವರ್ಷದ ಮಗು ಯಾರದೋ ಮನೆಯ ಹಾಲ್‌ನಲ್ಲಿ ಮಲಗಿದ್ದರೆ ಇವು ಯಾವುವೂ ಅಲ್ಲಿಗೆ ಮುಟ್ಟುವುದಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ವಾರ್ಡ್ ಮಟ್ಟದಲ್ಲಿ ನೋಂದಣಿ ಆಗಲಿ. ಒಬ್ಬರು ಎಷ್ಟು ಮಕ್ಕಳನ್ನು ಇಟ್ಟುಕೊಳ್ಳಬಹುದು ಎಂಬ ಮಿತಿ ಇರಲಿ. ಪ್ರಥಮ ಚಿಕಿತ್ಸೆಯ ತರಬೇತಿ ಕಡ್ಡಾಯ ಆಗಲಿ. ಅದಕ್ಕೆ ಬದಲಾಗಿ ಸರ್ಕಾರ ಅವರಿಗೆ ತರಬೇತಿಯ ಖರ್ಚು, ವಿಮೆ, ತಿಂಗಳಿಗೊಮ್ಮೆ ಆರೋಗ್ಯ ಸಹಾಯಕಿಯ ಭೇಟಿ ಕೊಡಲಿ. ಏನಂತೀರಿ?

ಕೆಳಮನೆ ಅಕ್ಕ
"ಒಬ್ಬ ಅಧಿಕಾರಿಯೂ ಬಂದು ನೋಡಿಲ್ಲ" ಅಂದಿರಿ. ನಾನು 11 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ದಿನಾ ಆರು ತಾಯಂದಿರು ನನ್ನ ಮನೆ ನೋಡುತ್ತಾರೆ, ಅಡುಗೆಮನೆವರೆಗೂ ಬರುತ್ತಾರೆ. ಅದು ನೋಡಿದ ಹಾಗಲ್ವಾ?

ನನ್ನ ದಿನ ಹೇಗಿರುತ್ತದೆ ಕೇಳಿ. ಏಳಕ್ಕೆ ರಾಗಿ ಸರಿ ಕಲಸಲು ಶುರು. ಒಂದು ಮಗುವಿಗೆ ತುಪ್ಪ ಹಾಕಬೇಕು, ಇನ್ನೊಂದಕ್ಕೆ ಬೆಲ್ಲ ಆಗುವುದಿಲ್ಲ. ಬಾಟಲಿಗಳಿಗೆ ಪ್ಲಾಸ್ಟರ್ ಅಂಟಿಸಿ ಹೆಸರು ಬರೆದಿಟ್ಟಿದ್ದೇನೆ. ಒಂದು ಗಂಟೆಗೆ ಚಾಪೆ ಹಾಸಿದರೆ ಒಬ್ಬನಿಗೆ ಅಮ್ಮನ ಹಳೇ ವೇಲ್ ಕೈಯಲ್ಲಿರಬೇಕು, ಇಲ್ಲದಿದ್ದರೆ ಅವನೂ ಮಲಗುವುದಿಲ್ಲ, ಬೇರೆಯವರನ್ನೂ ಮಲಗಲು ಬಿಡುವುದಿಲ್ಲ. ಮಗುವಿಗೆ ಜ್ವರ ಬಂದರೂ ಕಳಿಸುತ್ತಾರೆ, ಸಿರಪ್ ಕೊಟ್ಟಿದ್ದೇವೆ ಅಕ್ಕ ಅನ್ನುತ್ತಾರೆ. ನಮ್ಮಮ್ಮ ತೀರಿಕೊಂಡ ಮೂರನೇ ದಿನಕ್ಕೇ "ಸೋಮವಾರದಿಂದ ಬಿಡಬಹುದಾ" ಎಂದು ಫೋನ್ ಬಂತು. ನನಗೆ ರಜೆ ಇಲ್ಲ, ಪಿಎಫ್ ಇಲ್ಲ. ಇದರ ಮೇಲೆ ಈಗ ನೋಂದಣಿ.

ಲೆಸ್ಟರ್ ಕನ್ನಡಿಗ
ನೋಂದಣಿ ಎಂದರೆ ಇಷ್ಟು ಹೆದರಿಕೆ ಯಾಕೆ ಅಕ್ಕ? ಇಂಗ್ಲೆಂಡ್‌ನಲ್ಲಿ ದುಡ್ಡು ತೆಗೆದುಕೊಂಡು ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಬೇರೆಯವರ ಮಗುವನ್ನು ಮನೆಯಲ್ಲಿ ನೋಡಿಕೊಂಡರೆ ನೋಂದಣಿ ಕಡ್ಡಾಯ. ಆಫ್‌ಸ್ಟೆಡ್ ಎಂಬ ಇಲಾಖೆಯವರು ಮನೆಗೇ ಬಂದು ನೋಡುತ್ತಾರೆ. ಎಂಟು ವರ್ಷದೊಳಗಿನ ಆರು ಮಕ್ಕಳಿಗಿಂತ ಹೆಚ್ಚು ಇರಬಾರದು. ಅದರಲ್ಲಿ ಐದು ವರ್ಷದೊಳಗಿನವರು ಮೂರೇ. ಒಂದು ವರ್ಷದೊಳಗಿನ ಕೂಸು ಸಾಮಾನ್ಯವಾಗಿ ಒಂದೇ. ಪ್ರಥಮ ಚಿಕಿತ್ಸೆಯ ತರಬೇತಿಯನ್ನು ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು. ನನ್ನ ಇಬ್ಬರು ಮಕ್ಕಳೂ ಅಂಥ ಮನೆಯಲ್ಲೇ ಬೆಳೆದರು. ಒಂದು ದಿನವೂ ಚಿಂತೆ ಮಾಡಲಿಲ್ಲ.

ಲೆಕ್ಕಪತ್ರ
ಅದೇ ಇಂಗ್ಲೆಂಡ್‌ನ ಇನ್ನೊಂದು ಲೆಕ್ಕವನ್ನೂ ಹೇಳಬೇಕಿತ್ತು ಸರ್. 2012ರಲ್ಲಿ ಅಲ್ಲಿ ಹೀಗೆ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ನೋಂದಾಯಿತ ಚೈಲ್ಡ್‌ಮೈಂಡರ್‌ಗಳು 50 ಸಾವಿರಕ್ಕೂ ಹೆಚ್ಚಿದ್ದರು. ಈಗ ಅದರ ಅರ್ಧದಷ್ಟು. ನಿಯಮ ಹೆಚ್ಚಾದಷ್ಟೂ ಮನೆಗಳು ಬಾಗಿಲು ಹಾಕುತ್ತವೆ.

ಲೆಸ್ಟರ್ ಕನ್ನಡಿಗ
ನಿಯಮದಿಂದಲೇ ಕಡಿಮೆಯಾಯಿತು ಎಂದು ಹೇಗೆ ಹೇಳುತ್ತೀರಿ? ಸರ್ಕಾರ ಕೊಡುವ ದರ ಸಾಲುತ್ತಿಲ್ಲ ಎಂದು ಆ ಚೈಲ್ಡ್‌ಮೈಂಡರ್‌ಗಳೇ ಹೇಳುತ್ತಾರೆ. ಕೆಲಸಕ್ಕೆ ಹೋಗುವ ತಂದೆತಾಯಿಯ ಮಗುವಿಗೆ ಒಂಬತ್ತು ತಿಂಗಳಿಂದಲೇ ವಾರಕ್ಕೆ 30 ಗಂಟೆ, ವರ್ಷಕ್ಕೆ 38 ವಾರ, ಸರ್ಕಾರವೇ ಹಣ ಕೊಡುತ್ತದೆ. ಅದನ್ನು ನೀವು ಹೇಳಲೇ ಇಲ್ಲ.

ಲೆಕ್ಕಪತ್ರ
ಅಂದರೆ ದುಡ್ಡು ಕೊಟ್ಟ ಮೇಲೂ ಸಂಖ್ಯೆ ಇಳಿಯಿತು. ನಾನು ಹೇಳಿದ್ದು ಅದನ್ನೇ.

ಹಾಸನದ ಮೊಮ್ಮಗ
"ಪ್ರಥಮ ಚಿಕಿತ್ಸೆಯ ತರಬೇತಿ ಕಡ್ಡಾಯ" ಎಂಬ ಮಾತು ನನಗೆ ಸರಿಬರಲಿಲ್ಲ. ನಮ್ಮಜ್ಜಿ ಒಂಬತ್ತು ಮಕ್ಕಳು, ಹದಿನೇಳು ಮೊಮ್ಮಕ್ಕಳನ್ನು ಸಾಕಿದರು. ನನಗೆ ಎರಡು ವರ್ಷವಿದ್ದಾಗ ಗಂಟಲಲ್ಲಿ ಕಡಲೆಬೀಜ ಸಿಕ್ಕಿಕೊಂಡಿತ್ತಂತೆ. ಅಜ್ಜಿ ಬಾಯಿಗೆ ಬೆರಳು ಹಾಕಿ ತೆಗೆದರು. ಯಾವ ಸರ್ಟಿಫಿಕೇಟೂ ಇರಲಿಲ್ಲ. ಇವತ್ತು ಬದುಕಿ ಇಲ್ಲಿ ಬರೆಯುತ್ತಿದ್ದೇನೆ. ಮಗು ಸಾಕುವುದು ಹೆಣ್ಣುಮಕ್ಕಳಿಗೆ ಕೈಯಿಂದ ಕೈಗೆ ಬರುವ ವಿದ್ಯೆ.

ಮಕ್ಕಳ ವಾರ್ಡ್ ಸಿಸ್ಟರ್
ಬೆರಳು ಹಾಕಬೇಡಿ. ದಯವಿಟ್ಟು ಇದನ್ನು ಓದುವವರು ಯಾರೂ ಹಾಗೆ ಮಾಡಬೇಡಿ. ಕಾಣದೆ ಬೆರಳು ಹಾಕಿದರೆ ಸಿಕ್ಕಿಕೊಂಡದ್ದು ಇನ್ನೂ ಒಳಗೆ ಹೋಗುತ್ತದೆ. ಬೆನ್ನು ತಟ್ಟಿದ್ದರೆ ಹೊರಗೆ ಬರಬಹುದಾಗಿದ್ದ ಕಾಳು ಬೆರಳಿನಿಂದಲೇ ಕೆಳಗಿಳಿದು, ಆಮೇಲೆ ಮಗುವನ್ನು ಎತ್ತಿಕೊಂಡು ಓಡಿ ಬಂದವರನ್ನು ನಾನು ನೋಡಿದ್ದೇನೆ.

ಹಾಸನದ ಮೊಮ್ಮಗ
ಸಿಸ್ಟರ್, ನಮ್ಮಜ್ಜಿ ತಪ್ಪು ಮಾಡಿದರು ಅನ್ನುತ್ತಿದ್ದೀರಾ?

ಮಕ್ಕಳ ವಾರ್ಡ್ ಸಿಸ್ಟರ್
ಅವರ ಅದೃಷ್ಟ ಚೆನ್ನಾಗಿತ್ತು, ನಿಮ್ಮದೂ. ಅದನ್ನು ವಿದ್ಯೆ ಅನ್ನಬೇಡಿ.

ಹಾಸನದ ಮೊಮ್ಮಗ
ಅದೃಷ್ಟವಾ! ಹದಿನೇಳು ಮೊಮ್ಮಕ್ಕಳೂ ಅದೃಷ್ಟದಿಂದ ಬೆಳೆದರಾ? ನನ್ನ ತಂಗಿ ಹೋಗಿದ್ದ ತರಬೇತಿಯ ಪುಸ್ತಕ ನನ್ನ ಮುಂದಿದೆ. "ಬಾಯಲ್ಲಿರುವ ವಸ್ತುವನ್ನು ತೆಗೆಯಿರಿ" ಎಂದು ಅದರಲ್ಲೇ ಬರೆದಿದೆ.

ಮಕ್ಕಳ ವಾರ್ಡ್ ಸಿಸ್ಟರ್
ಪೂರ್ತಿ ವಾಕ್ಯ ಹಾಕಿ ಸರ್. ಅದರ ಮುಂಚೆ ಏನಿದೆ?

ಹಾಸನದ ಮೊಮ್ಮಗ
"ಕಣ್ಣಿಗೆ ಕಂಡರೆ" ಎಂದಿದೆ. ಅಜ್ಜಿಗೆ ಕಂಡಿರಬೇಕು.

ಪೀಣ್ಯ ಎರಡನೇ ಹಂತ
ನೀವೆಲ್ಲ ಬೆರಳಿನ ಮಾತಾಡುತ್ತಿದ್ದೀರಿ. ನಮ್ಮ ಕಡೆಯ ವಿಷಯವನ್ನೂ ಸ್ವಲ್ಪ ಕೇಳಿ. ನಾನು ಕೆಲಸ ಮಾಡುವ ಹೊಲಿಗೆ ಯೂನಿಟ್‌ನಲ್ಲಿ 24 ಹೆಂಗಸರಿದ್ದೇವೆ. 1948ರ ಕಾರ್ಖಾನೆ ಕಾಯ್ದೆ 30ಕ್ಕಿಂತ ಹೆಚ್ಚು ಹೆಂಗಸರಿದ್ದ ಕಡೆ ಮಕ್ಕಳ ಕೋಣೆ ಕೇಳಿತ್ತು, 2017ರದ್ದು 50 ಜನ ಅಂತು. ಎರಡರಲ್ಲೂ ನಾವಿಲ್ಲ. ಅಂಗನವಾಡಿ ಒಂಬತ್ತೂವರೆಯಿಂದ ನಾಲ್ಕು. ನಮ್ಮ ಶಿಫ್ಟ್ ಮುಗಿಯುವುದು ಐದೂವರೆಗೆ. ಮೂರು ವರ್ಷ ತುಂಬದ ಮಗುವಿಗೆ ಅಲ್ಲಿ ಕೂರಲು ಜಾಗವೂ ಇಲ್ಲ, ಮನೆಗೆ ಪೌಷ್ಟಿಕ ಆಹಾರದ ಪೊಟ್ಟಣ ಕೊಟ್ಟು ಕಳಿಸುತ್ತಾರೆ.

ನಮ್ಮ ವಠಾರದಲ್ಲಿ ಒಬ್ಬ ಅಮ್ಮ ತಿಂಗಳಿಗೆ 1,500 ರೂಪಾಯಿಗೆ ಒಂದು ಮಗು ನೋಡಿಕೊಳ್ಳುತ್ತಾರೆ. ಒಂದೇ ರೂಮು, ಏಳು ಮಕ್ಕಳು. 10 ಚದರ ಅಡಿ ಲೆಕ್ಕ ಹಾಕಿದರೆ ಅವರ ಮನೆಗೆ ಮೊದಲ ದಿನವೇ ಬೀಗ. ಆಮೇಲೆ ನಾನು ಮಗನನ್ನು ಯಾರ ಹತ್ತಿರ ಬಿಡಲಿ? ಅವನ ಒಂಬತ್ತು ವರ್ಷದ ಅಕ್ಕ ಶಾಲೆ ಬಿಟ್ಟು ಮನೆಯಲ್ಲಿ ಕೂರಬೇಕು. ಪಕ್ಕದ ಎರಡು ಮನೆಯಲ್ಲಿ ಆಗಲೇ ಹಾಗೆ ಆಗಿದೆ. ಗುಣಮಟ್ಟ ಬೇಕು, ನನಗೂ ಬೇಕು. ಆದರೆ 1,500ಕ್ಕೆ ಸಿಗುವ ಗುಣಮಟ್ಟ ಯಾವುದು? ಉಳಿದ ದುಡ್ಡು ಯಾರು ಕೊಡುತ್ತಾರೆ?

ಲೆಸ್ಟರ್ ಕನ್ನಡಿಗ
ಒಂದೇ ರೂಮಿನಲ್ಲಿ ಏಳು ಮಕ್ಕಳು ಅಂತ ಓದಿ ಹೊಟ್ಟೆ ಹಿಂಡಿತು. ಇದಕ್ಕೇ ಮಿತಿ ಬೇಕು ಎನ್ನುವುದು. ಸ್ಟೌವ್ ಎಲ್ಲಿದೆ? ಅದೇ ರೂಮಿನಲ್ಲಾ?

ಪೀಣ್ಯ ಎರಡನೇ ಹಂತ
ಸ್ಟೌವ್ ಅದೇ ರೂಮಿನಲ್ಲಿದೆ. ಮುಂದೆ ಹಲಗೆ ಅಡ್ಡ ಇಟ್ಟಿರುತ್ತಾರೆ. ನಾನು ಕೇಳಿದ್ದು ದುಡ್ಡಿನ ವಿಷಯ ಅಣ್ಣ.

ಪಂಚಾಯ್ತಿ ಸದಸ್ಯ, ಕೊಪ್ಪಳ
ದುಡ್ಡು ಕೊಡಬಹುದು, ಕೊಟ್ಟೂ ಇದ್ದಾರೆ. 2023-24ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯ್ತಿಗಳಿಗೆ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರ ಘೋಷಿಸಿದರು. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ. ನೋಡಿಕೊಳ್ಳುವವರೂ ಊರಿನ ಜಾಬ್ ಕಾರ್ಡ್ ಇರುವ ಹೆಂಗಸರೇ. ಅವರಿಗೆ ತರಬೇತಿ ಕೊಟ್ಟು ಕೂಲಿ ಕೊಟ್ಟರು. ಹಳ್ಳಿಯಲ್ಲಿ ಆಗುವುದು ಪಟ್ಟಣದಲ್ಲಿ ಯಾಕೆ ಆಗುವುದಿಲ್ಲ?

ಕೆಳಮನೆ ಅಕ್ಕ
"ಕೂಲಿ ಕೊಟ್ಟರು" ಅಂದಿರಿ. ನರೇಗಾದಲ್ಲಿ ಒಂದು ಮನೆಗೆ ವರ್ಷಕ್ಕೆ 100 ದಿನ ಇದ್ದದ್ದಲ್ವಾ? ನೂರು ದಿನ ಆದ ಮೇಲೆ ಆ ಹೆಂಗಸು ಎದ್ದು ಹೋದರೆ ಮಗು ಯಾರ ಮುಖ ನೋಡಬೇಕು? ನನ್ನ ಹತ್ತಿರ ಹೊಸ ಮಗು ಬಂದರೆ ನನ್ನ ಕೈಯಿಂದ ಊಟ ಮಾಡಲು ಮೂರು ವಾರ ಬೇಕು. ಮೊದಲ ವಾರ ಬರೀ ಬಾಗಿಲು ನೋಡುತ್ತಾ ಅಳುತ್ತಿರುತ್ತದೆ. ಮಗುವಿಗೆ ಯೋಜನೆ ಗೊತ್ತಾಗುವುದಿಲ್ಲ ಸರ್, ಮುಖ ಗೊತ್ತಾಗುತ್ತದೆ.

ಪಂಚಾಯ್ತಿ ಸದಸ್ಯ, ಕೊಪ್ಪಳ
ಅದಕ್ಕೇ ಒಂದು ಕಡೆಗೆ ಹಲವರಿಗೆ ತರಬೇತಿ ಕೊಟ್ಟು ಸರದಿ ಮಾಡಿದ್ದು. ಏನೂ ಇಲ್ಲದಿರುವುದಕ್ಕಿಂತ ಇದು ಮೇಲು.

ಹಾಸನದ ಮೊಮ್ಮಗ
ಅಕ್ಕ ಹೇಳಿದ್ದು ನೋಡಿ. ಮುಖ ಗೊತ್ತಾಗುತ್ತದೆ. ಅಜ್ಜಿಯ ಮುಖಕ್ಕೆ ಸರ್ಟಿಫಿಕೇಟ್ ಬೇಕಾಗಿಲ್ಲ ಎಂದು ನಾನು ಹೇಳಿದ್ದೂ ಅದನ್ನೇ.

ಕೆಳಮನೆ ಅಕ್ಕ
ನನ್ನ ಮಾತನ್ನು ನಿಮ್ಮ ಕಡೆ ಎಳೆದುಕೊಳ್ಳಬೇಡಿ ತಮ್ಮ. ನಾನು ತರಬೇತಿ ಬೇಡ ಅನ್ನಲಿಲ್ಲ. ನಾಲ್ಕು ವರ್ಷದ ಹಿಂದೆ ನನ್ನ ಮನೆಯಲ್ಲೇ ಆಯಿತು. ಒಂದು ಮಗುವಿನ ಚೀಲದಲ್ಲಿ ಕಡಲೆಬೀಜದ ಚಿಕ್ಕಿ ಇತ್ತು, ಅಮ್ಮ ಇಟ್ಟು ಕಳಿಸಿದ್ದರು. ಇನ್ನೊಂದು ಮಗು, ಒಂದೂವರೆ ವರ್ಷದ್ದು, ಅದನ್ನು ಬಾಯಿಗೆ ಹಾಕಿಕೊಂಡಿತು. ಸದ್ದೇ ಇಲ್ಲ. ಕೆಮ್ಮಲಿಲ್ಲ, ಅಳಲಿಲ್ಲ. ನಾನು ತಿರುಗಿ ನೋಡಿದಾಗ ತುಟಿ ನೀಲಿ ತಿರುಗುತ್ತಿತ್ತು. ನಾನೂ ಮೊದಲು ಬೆರಳನ್ನೇ ಎತ್ತಿದೆ. ನಮ್ಮಮ್ಮನಿಂದ ಕಲಿತದ್ದು ಅದೇ. ಎದುರುಮನೆ ಹುಡುಗಿ ನರ್ಸಿಂಗ್ ಓದುತ್ತಿದ್ದಳು. ನನ್ನ ಕಿರುಚಾಟ ಕೇಳಿ ಓಡಿಬಂದು ಮಗುವನ್ನು ಕಸಿದುಕೊಂಡು ಬೋರಲು ಹಾಕಿ ಬೆನ್ನಿಗೆ ಹೊಡೆದಳು. ನಾಲ್ಕನೇ ಏಟಿಗೆ ಚಿಕ್ಕಿ ನೆಲಕ್ಕೆ ಬಿತ್ತು. ಆ ಚೂರನ್ನು ನಾನು ಎಷ್ಟೋ ಹೊತ್ತು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ.

ಮುಂದಿನ ತಿಂಗಳು ನನ್ನ ದುಡ್ಡು ಕೊಟ್ಟು ತರಬೇತಿಗೆ ಹೋದೆ. ಆ ದಿನ ಮನೆ ಮುಚ್ಚಿದ್ದಕ್ಕೆ ಇಬ್ಬರು ಪೋಷಕರು ಫೀಸು ಹಿಡಿದುಕೊಂಡರು.

ವಿಜಯನಗರದ ಅಮ್ಮ
ಅಕ್ಕ, ಇದನ್ನೇ ನಾನು ಮೊದಲೇ ಕೇಳಿದ್ದು. ತರಬೇತಿ ಕಡ್ಡಾಯ ಆಗಬೇಕು.

ಕೆಳಮನೆ ಅಕ್ಕ
ಇಲ್ಲಮ್ಮ. ನೀವು ಕಡ್ಡಾಯ ಅನ್ನುತ್ತೀರಿ, ನಾನು ಆ ದಿನದ ಸಂಬಳ ಅನ್ನುತ್ತೇನೆ. ಎರಡೂ ಬೇರೆ.

ಲೆಸ್ಟರ್ ಕನ್ನಡಿಗ
ಎರಡೂ ಒಟ್ಟಿಗೆ ಆಗಬಹುದು. ಫ್ರಾನ್ಸ್‌ನಲ್ಲಿ ಮನೆಯಲ್ಲಿ ಮಗು ನೋಡಿಕೊಳ್ಳುವವರಿಗೆ 120 ಗಂಟೆ ತರಬೇತಿ. ಅದರಲ್ಲಿ 80 ಗಂಟೆ ಮೊದಲ ಮಗು ಮನೆಗೆ ಬರುವ ಮುಂಚೆಯೇ ಆಗಬೇಕು. ಖರ್ಚು ಅಲ್ಲಿನ ಸ್ಥಳೀಯ ಆಡಳಿತದ್ದು.

ಲೆಕ್ಕಪತ್ರ
120 ಗಂಟೆ! ಪೀಣ್ಯದ ಆ ಅಮ್ಮ ಇಷ್ಟು ದಿನ ಏಳು ಮಕ್ಕಳನ್ನು ಎಲ್ಲಿ ಬಿಟ್ಟು ಹೋಗಬೇಕು? ಹೊರದೇಶದ ಉದಾಹರಣೆ ಕೊಡುವಾಗ ನಮ್ಮ ಬೀದಿಯನ್ನೂ ನೋಡಬೇಕು. ನನ್ನ ಮಾತು ಒಂದೇ: ಮೊದಲು ನೆರವು ಕೊಡಿ, ಐದು ವರ್ಷ ಬಿಟ್ಟು ನಿಯಮ ತನ್ನಿ.

ಮಕ್ಕಳ ವಾರ್ಡ್ ಸಿಸ್ಟರ್
ಐದು ವರ್ಷವಾ? ಆ ಚಿಕ್ಕಿ ಬೀಳಲು ಬೇಕಾದದ್ದು ನಾಲ್ಕು ಏಟು. ಕಲಿಸಲು ಒಂದು ಮಧ್ಯಾಹ್ನ ಸಾಕು. ಅದಕ್ಕೆ ಐದು ವರ್ಷ ಕಾಯಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಎಲ್ಲ ನಿಯಮವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಚದರ ಅಡಿ ಕಾಯಲಿ. ಉಸಿರು ಕಾಯುವುದಿಲ್ಲ.

ಲೆಕ್ಕಪತ್ರ
ಭಾವನೆಯಿಂದ ನೀತಿ ಮಾಡಲು ಆಗುವುದಿಲ್ಲ ಮೇಡಂ.

ಮಕ್ಕಳ ವಾರ್ಡ್ ಸಿಸ್ಟರ್
ಇದು ಭಾವನೆ ಅಲ್ಲ, ನನ್ನ ಕೆಲಸ. ಉಸಿರು ಕಟ್ಟಿ ಕೆಲವು ನಿಮಿಷ ಕಳೆದರೆ ಮಿದುಳಿಗೆ ಪೆಟ್ಟು. ಆಸ್ಪತ್ರೆಗೆ ಬರುವಷ್ಟು ಹೊತ್ತು ಇರುವುದಿಲ್ಲ. ಮನೆಯಲ್ಲಿ ಇರುವವರಿಗೇ ಗೊತ್ತಿರಬೇಕು.

ಹಾಸನದ ಮೊಮ್ಮಗ
ನಮ್ಮಜ್ಜಿ ಮಾಡಿದ್ದು ತಪ್ಪು ಎಂದು ನಾನು ಈಗಲೂ ಒಪ್ಪುವುದಿಲ್ಲ. ಆ ಕಾಲಕ್ಕೆ ಅವರಿಗೆ ಗೊತ್ತಿದ್ದದ್ದನ್ನು ಮಾಡಿದರು. ಆದರೆ ನಮ್ಮತ್ತಿಗೆ ಊರಿನಲ್ಲಿ ಟೀಚರ್ ಒಬ್ಬರ ಎಂಟು ತಿಂಗಳ ಮಗುವನ್ನು ನೋಡಿಕೊಳ್ಳುತ್ತಾರೆ. ಅಷ್ಟು ಚಿಕ್ಕ ಕೂಸಾದರೆ ಏನು ಮಾಡಬೇಕು ಎಂದು ಬರೆಯಿರಿ. ಅವರಿಗೆ ಕಳಿಸುತ್ತೇನೆ.

ಮಕ್ಕಳ ವಾರ್ಡ್ ಸಿಸ್ಟರ್
ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದು ನಿಂತಿದ್ದರೆ, ಒಂದು ವರ್ಷದೊಳಗಿನ ಕೂಸನ್ನು ನಿಮ್ಮ ಮುಂಗೈ ಮೇಲೆ ಬೋರಲು ಹಾಕಿ. ತಲೆ ಎದೆಗಿಂತ ಕೆಳಗಿರಲಿ, ದವಡೆಗೆ ಕೈ ಆಸರೆ ಇರಲಿ. ಅಂಗೈಯ ಬುಡದಿಂದ ಎರಡು ಹೆಗಲಮೂಳೆಯ ನಡುವೆ ಐದು ಏಟು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವಿನ ಮೂಳೆಯ ಮೇಲೆ ಐದು ಸಲ ಒತ್ತಿ. ಅಷ್ಟು ಚಿಕ್ಕ ಕೂಸಿನ ಹೊಟ್ಟೆ ಒತ್ತಬೇಡಿ. ಮತ್ತೆ ಬೆನ್ನು, ಮತ್ತೆ ಎದೆ. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಲಿ. ಇಡೀ ಕಡಲೆಬೀಜ ಐದು ವರ್ಷದವರೆಗೆ ಬೇಡವೇ ಬೇಡ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಇದನ್ನು ಓದಿದರೆ ಸಾಲದು, ನಿಮ್ಮತ್ತಿಗೆ ಬೊಂಬೆಯ ಮೇಲೆ ಒಂದು ಸಲ ಕೈಯಾರೆ ಮಾಡಿ ನೋಡಲಿ.

ವಿಜಯನಗರದ ಅಮ್ಮ
ಸಿಸ್ಟರ್, ನಮ್ಮ ಕ್ರಾಸ್‌ನಲ್ಲಿ ಇಂಥ ಮೂರು ಮನೆಗಳಿವೆ. ಒಂದು ಭಾನುವಾರ ಬಂದು ತೋರಿಸುತ್ತೀರಾ? ಖರ್ಚು ನಾವು ಪೋಷಕರು ಹಾಕಿಕೊಳ್ಳುತ್ತೇವೆ. ಆ ದಿನದ ದುಡ್ಡೂ ಅಕ್ಕಂದಿರಿಗೆ ಕೊಡುತ್ತೇವೆ.

ಲೆಕ್ಕಪತ್ರ
ನೋಡಿ, ಸರ್ಕಾರ ಇಲ್ಲದೆಯೇ ಆಯಿತಲ್ಲ.

ಪೀಣ್ಯ ಎರಡನೇ ಹಂತ
ವಿಜಯನಗರದಲ್ಲಿ ಆಯಿತು. ನಮ್ಮ ವಠಾರದ ಪೋಷಕರು ಒಂದು ಭಾನುವಾರಕ್ಕೆ ದುಡ್ಡು ಹಾಕುವಷ್ಟು ಇದ್ದಿದ್ದರೆ 1,500 ರೂಪಾಯಿಯ ಮನೆಗೆ ಮಗುವನ್ನು ಬಿಡುತ್ತಿರಲಿಲ್ಲ. ಉಳಿದ ದುಡ್ಡು ಯಾರು ಕೊಡುತ್ತಾರೆ ಎಂದು ಮಧ್ಯಾಹ್ನವೇ ಕೇಳಿದ್ದೆ. ಇನ್ನೂ ಯಾರೂ ಹೇಳಿಲ್ಲ.