ಸಹಾಯ ಬೇಕು: ಬಾಣಂತಿಯರ ಹತ್ತು ಪ್ರಶ್ನೆಗೆ ಚಳ್ಳಕೆರೆ ಕಡೆಯ ದನಿ
ಆಶಾ ಕಾರ್ಯಕರ್ತೆಯರ ಫೋನಿಗೆ ಎಡಿನ್‌ಬರೋ ಪ್ರಶ್ನಾವಳಿಯನ್ನು (ಹೆರಿಗೆ ನಂತರದ ಖಿನ್ನತೆಯನ್ನು ಉತ್ತರಗಳ ಅಂಕ ಕೂಡಿಸಿ ಗುರುತಿಸೋದು) ಓದಿ ರೆಕಾರ್ಡ್ ಮಾಡಿಕೊಡುವ ಇಬ್ಬರು ಹೆಣ್ಮಕ್ಕಳು ಬೇಕು. ಹತ್ತೇ ಪ್ರಶ್ನೆ, ಕಳೆದ 7 ದಿನದ್ದಷ್ಟೇ. ಆತಂಕ ಸಿಗೋದು 3, 4, 5ನೇ ಪ್ರಶ್ನೆಗಳಲ್ಲಿ. ಬರೀ 'ಆತಂಕ' ಅಂದ್ರೆ ಬಾಣಂತಿಯರು 'ಇಲ್ಲಕ್ಕ' ಅಂತಾರೆ. ಆದ್ರೆ ಮಗು ಮಲಗಿದ್ರೂ ಅದರ ಮೂಗಿನ ಹತ್ರ ಬೆರಳಿಟ್ಟು ಉಸಿರು ನೋಡ್ತಾ ಕೂತಿರ್ತಾರೆ. ಪ್ರಶ್ನೆಯ ಪದ ಬದಲಿಸಬೇಡಿ, ಅಂಕ ಕೆಡುತ್ತೆ. ಓದಿದ ಮೇಲೆ 'ಎದೆ ಡವಡವ ಅನ್ನುತ್ತಾ?' ಅಂತ ಒಂದು ಸಾಲು ಬಿಡಿಸಿ ಹೇಳಿ, ಸಾಕು. ಅತ್ತೆ ಪಕ್ಕದಲ್ಲಿದ್ರೆ ಯಾರೂ ಬಾಯಿ ಬಿಡಲ್ಲ, ಅದಕ್ಕೇ ಇಯರ್‌ಫೋನ್.

ಅಳು, ಕಳವಳ ಎರಡು ವಾರ ದಾಟಿದ್ರೆ ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ. 10ನೇ ಪ್ರಶ್ನೆ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ 'ಹೂಂ' ಅಂದ್ರೆ ಅಂಕ ಕೂಡಿಸ್ತಾ ಕೂರಬಾರದು. ಒಬ್ಬಳನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಓದಬಲ್ಲವರು ಇಲ್ಲೇ ತಿಳಿಸಿ.