ಕಿವಿ ಕೇಳಿಸದ ಮಗನಿಗೆ ಕರಾಟೆಯಾ, ಜೂಡೋನಾ? ಅನುಭವ ಇರೋರು ಹೇಳಿ

ಮಲ್ನಾಡ್ ಅಮ್ಮ: ಮಗನಿಗೆ ಹತ್ತು ವರ್ಷ, ಎರಡೂ ಕಿವಿಗೆ ಮೆಷಿನ್. ಶಾಲೇಲಿ ಯಾರೂ ಆಟಕ್ಕೆ ಸೇರಿಸ್ಕೊಳ್ಳಲ್ಲ. ಕರಾಟೆ, ಜೂಡೋ, ಕುಸ್ತಿ, ಯಾವುದಕ್ಕೆ ಸೇರಿಸಿದ್ರೆ ನಾಲ್ಕು ಜನರ ಜೊತೆ ಬೆರೀತಾನೆ? ಶಿವಮೊಗ್ಗದಲ್ಲಿದ್ದೀವಿ.

ಹುಬ್ಬಳ್ಳಿ ಮಾಮಾ: ಜೂಡೋರೀ, ಕಣ್ಣುಮುಚ್ಚಿ ಹಾಕ್ರಿ. ನಮ್ಮ ಹುಡುಗಿಗೆ ಎರಡೂ ಕಣ್ಣು ಮಂಜು. ಕಣ್ಣಿಲ್ಲದವರ ಜೂಡೋದಾಗ ಇಬ್ಬರೂ ಒಬ್ಬರ ಅಂಗಿ ಇನ್ನೊಬ್ಬರು ಹಿಡಕೊಂಡು ನಿಂತ ಮ್ಯಾಲೇ ‘ಹಾಜಿಮೆ’, ಅಂದ್ರ ‘ಸುರು ಮಾಡ್ರಿ’ ಅಂತಾರ. ಶಾಲ್ಯಾಗ ಒಬ್ಬರೂ ಆಕಿ ಕೈ ಹಿಡೀತಿದ್ದಿಲ್ಲ. ಇಲ್ಲಿ ಹಿಡೀಲಿಲ್ಲಂದ್ರ ಆಟಾನ ಸುರು ಆಗೂದಿಲ್ಲ! ಪ್ಯಾರಿಸ್ 2024ರ ಪ್ಯಾರಾಲಿಂಪಿಕ್ಸ್‌ನಾಗ ಕಪಿಲ್ ಪರ್ಮಾರ್ ಕಂಚು ತಂದಿದ್ದು ಇದರಾಗ. ಖರ್ಚು ಕೇಳಬ್ಯಾಡ್ರಿ. ಡ್ರೆಸ್ 2,800, ಆರು ತಿಂಗಳಿಗೇ ಗಿಡ್ಡ ಆತು. ಆಟೋ ದಿನಾ 120. ಎರಡನೇ ವರ್ಷ ಕಾಲರ್ ಬೋನ್ ಮುರದು ದವಾಖಾನಿಗೆ 18,400. ನಮ್ಮವ್ವ ಮೂರು ತಿಂಗಳು ನನ್ನ ಜೋಡಿ ಮಾತು ಬಿಟ್ಟಿದ್ಲು.

ಕಂದು ಬೆಲ್ಟ್ ತಾಯಿ: ಮೂಳೆ ಮುರಿಸ್ಕೊಂಡ ಕಥೆ ಹೇಳಿ ‘ಕಣ್ಣುಮುಚ್ಚಿ ಹಾಕ್ರಿ’ ಅಂತೀರಲ್ಲ ಸಾರ್! ನನ್ನ ಮಗನಿಗೂ ಕಿವಿ ಮೆಷಿನ್ನೇ, ಐದು ವರ್ಷದಿಂದ ಕರಾಟೆ. ತಿಂಗಳಿಗೆ 1,200, ಅದು ಬಿಡಿ. ಬೆಲ್ಟ್ ಪರೀಕ್ಷೆ ಫೀಸು ಲೆಕ್ಕ ಹಾಕಿ: ಹಳದಿ 700, ಕಿತ್ತಳೆ 900, ಹಸಿರು 1,100, ನೀಲಿ 1,500. ಕಂದುಗೆ ‘ಕ್ಯಾಂಪ್ ಕಡ್ಡಾಯ’ ಅಂತ ಇನ್ನೊಂದು 4,500. ಸರ್ಟಿಫಿಕೇಟಲ್ಲಿ ಹೆಸರು ತಪ್ಪು ಬರೆದವರು ಅವರು, ತಿದ್ದೋಕೆ 200 ಕೊಟ್ಟವಳು ನಾನು. ಬೆವರು ಇಳಿದು ಒಂದು ಮೆಷಿನ್ ಕೆಟ್ಟಿತು, 26,000 ನೀರಲ್ಲಿ ಹೋಮ. ಆದ್ರೂ ಬಿಡಿಸಿಲ್ಲ. ಕತಾ, ಅಂದ್ರೆ ಸಾಲಾಗಿ ನಿಂತು ಗೊತ್ತಾದ ವರಸೆಗಳನ್ನ ಮಾಡುವಾಗ ಮುಂದಿನವರ ಭುಜ ನೋಡಿ ತಿರುಗ್ತಾನೆ. ಈಗ ಹಿಂದಿನ ಸಾಲಿನ ಮಕ್ಕಳು ಇವನ ಭುಜ ನೋಡ್ತಾರೆ.

ಹುಬ್ಬಳ್ಳಿ ಮಾಮಾ: ಟೋಕಿಯೊ ಒಲಿಂಪಿಕ್ಸ್‌ನಾಗ ಒಮ್ಮೆ ಆಡಿಸಿ, ಪ್ಯಾರಿಸ್‌ನಾಗ ಕೈಬಿಟ್ರಲ್ಲ, ಅದಾ ಕರಾಟೆನ?

ಕಂದು ಬೆಲ್ಟ್ ತಾಯಿ: ನನ್ನ ಮಗ ಒಲಿಂಪಿಕ್ಸ್‌ಗೆ ಹೋಗ್ತಾನೆ ಅಂತ ಯಾರು ಹೇಳಿದ್ದು? ಬರ್ತ್‌ಡೇಗೆ ನಾಲ್ಕು ಜನ ಬಂದ್ರು, ನನಗಷ್ಟೇ ಸಾಕು.

ಮಟ್ಟಿ ಪೈಲ್ವಾನ: ದುಡ್ಡು ಕೊಟ್ಟು ಬೆಲ್ಟ್ ಕಟ್ಟಿಸ್ಕೊಳ್ಳೋದೂ ಒಂದು ವಿದ್ಯೆನಾ? ದಾವಣಗೆರೆ ಗರಡಿಮನೇಲಿ ನಾನು ಕೊಟ್ಟಿದ್ದು ತೆಂಗಿನಕಾಯಿ, ಬಾಳೆಹಣ್ಣು, 11 ರೂಪಾಯಿ. ಕೇರಿಯಿಂದ ಬಂದೋನು ನಾನು. ಹೋಟೆಲಲ್ಲಿ ನಮಗೆ ಲೋಟ ಬೇರೆ. ಮಟ್ಟಿಗಿಳಿದ್ರೆ ಸಾಹುಕಾರನ ಮಗನ ಬೆನ್ನಿಗೂ ನನ್ನ ಬೆನ್ನಿಗೂ ಮೆತ್ಕೊಳ್ತಿದ್ದಿದ್ದು ಒಂದೇ ಕೆಮ್ಮಣ್ಣು. ಕಿವಿ ಕೇಳದಿದ್ರೇನು? ಹರಿಯಾಣದ ‘ಗೂಂಗಾ ಪೈಲ್ವಾನ್’ 2005, 2013ರ ಡೆಫ್ಲಿಂಪಿಕ್ಸಲ್ಲಿ, ಅದೇ ಕಿವಿ ಕೇಳದವರ ಒಲಿಂಪಿಕ್ಸಲ್ಲಿ, ಚಿನ್ನ ಹೊಡೆದ.

ಕಂದು ಬೆಲ್ಟ್ ತಾಯಿ: ಅವರ ಹೆಸರು ವೀರೇಂದರ್ ಸಿಂಗ್. ನಿಮ್ಮನ್ನ ಕೇರಿ ಹೆಸರಿಡಿದು ಕರೆದ್ರೆ ಉರಿಯುತ್ತೆ, ಅವರನ್ನ ‘ಮೂಗ’ ಅಂದ್ರೆ ಬಿರುದಾ? 2021ರಲ್ಲಿ ಪದ್ಮಶ್ರೀ ತಗೊಂಡ ವಾರದಲ್ಲೇ ದೆಹಲಿಯ ಹರಿಯಾಣ ಭವನದ ಮುಂದೆ ಫುಟ್‌ಪಾತಲ್ಲಿ ಕೂತಿದ್ರು, ಕಿವಿ ಕೇಳಿಸದ ಆಟಗಾರರಿಗೂ ಸಮಾನ ಗೌರವ ಕೊಡಿ ಅಂತ.

ಹೊಸ್ತಿಲಾಚೆ: ಗರಡಿಲಿ ಭೇದ ಇಲ್ವಂತೆ! ನಮ್ಮಪ್ಪನೂ ಪೈಲ್ವಾನರೇ. ನಾನು ಬಾದಾಮಿ ಹಾಲಿನ ಚೊಂಬು ಹಿಡ್ಕೊಂಡು ಹೊಸ್ತಿಲಲ್ಲೇ ನಿಲ್ಲಬೇಕಿತ್ತು. ಹಾಸ್ಟೆಲ್‌ಗೆ ಸರ್ಕಾರದ ಓಬವ್ವ ಆತ್ಮರಕ್ಷಣೆ ತರಬೇತಿ ಬಂದಾಗಲೇ ನಾನು ಮೊದಲು ಮುಷ್ಟಿ ಕಟ್ಟಿದ್ದು. ಕೈ ಪಳಗೋ ಹೊತ್ತಿಗೆ ತರಬೇತಿ ಮುಗೀತು, ಸಿಟ್ಟು ಇನ್ನೂ ಇದೆ.

ಮಟ್ಟಿ ಪೈಲ್ವಾನ: ಅದು ಹನುಮಪ್ಪನ ಜಾಗ ತಾಯಿ. ನಿಮ್ಮಪ್ಪಾರದ್ದು ಯಾವ ಗರಡಿ?

ಹೊಸ್ತಿಲಾಚೆ: ಹೇಳಲ್ಲ. ನೀವು ಹೋಗಿ ಅವರಿಗೆ ಚಾಡಿ ಹೇಳ್ತೀರ.

ಮಲ್ನಾಡ್ ಅಮ್ಮ: ದಯವಿಟ್ಟು ಒಂದು ಹೇಳಿ. ಆಡುವಾಗ ಕಿವಿ ಮೆಷಿನ್ ಏನು ಮಾಡ್ಬೇಕು?

ಕಂದು ಬೆಲ್ಟ್ ತಾಯಿ: ಬಿಚ್ಚಿ ಡಬ್ಬೀಲಿಡಿ. ಡೆಫ್ಲಿಂಪಿಕ್ಸಲ್ಲೂ ಹಾಕ್ಕೊಂಡು ಆಡೋ ಹಾಗಿಲ್ಲ. ಎರಡರಲ್ಲಿ ಚೆನ್ನಾಗಿ ಕೇಳೋ ಕಿವೀಲೂ ಕನಿಷ್ಠ 55 ಡೆಸಿಬೆಲ್ ಕೇಳುವ ಶಕ್ತಿ ಕಮ್ಮಿ ಇರೋರಿಗೆ ಮಾತ್ರ ಪ್ರವೇಶ. ನಮ್ಮ ಮಾಸ್ಟರ್ ಅಂಗೈಯಲ್ಲಿ ಎರಡು ಸಲ ಮ್ಯಾಟ್ ಬಡೀತಾರೆ. ಇವನಿಗೆ ಪಾದದಲ್ಲೇ ಗೊತ್ತಾಗುತ್ತೆ, ತಿರುಗಿ ನೋಡ್ತಾನೆ.

ಹುಬ್ಬಳ್ಳಿ ಮಾಮಾ: ಮ್ಯಾಟ್ ಎಷ್ಟು ಎಂಎಂದು? ನಮ್ಮ ಜೂಡೋದಾಗ 40.

ಕಂದು ಬೆಲ್ಟ್ ತಾಯಿ: 40 ಇದ್ರೂ ಕಾಲರ್ ಬೋನ್ ಮುರೀತಲ್ಲ ಸಾರ್.