ಅಡಿಕೆ ಧಾರಣೆ ಡ್ಯಾಶ್‌ಬೋರ್ಡ್: ಕಿಲೋಗೆ 1,920 ರೂ. ತೋರಿಸ್ತದೆ, ಒಂದೇ ಹೆಸರಿಗೆ ಎರಡು ಗೆರೆ

ಪ್ರಶ್ನೆ (ಬದಿಯಡ್ಕ):
ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರ, ಈ ನಾಲ್ಕು ಕಡೆಯ ದಿನದ ಧಾರಣೆಯನ್ನು ಲುಕರ್ ಸ್ಟುಡಿಯೊಗೆ (ಗೂಗಲಿನ ಡ್ಯಾಶ್‌ಬೋರ್ಡ್ ಸಾಧನ) ತರಲು ಓಪನ್ ಸೋರ್ಸ್ ಕನೆಕ್ಟರ್ (ಡೇಟಾ ತಂದು ಕೊಡುವ ಕೋಡ್) ಒಂದನ್ನು ಗೂಗಲಿನದ್ದೇ ಆ್ಯಪ್ಸ್ ಸ್ಕ್ರಿಪ್ಟಿಗೆ ಹಾಕಿದ್ದು. ಧಾರಣೆ ಕೊಡುವ ಎಪಿಐಯಿಂದ ಡೇಟಾ (ಜೇಸನ್ ರೂಪದಲ್ಲಿ) ಸರಿಯಾಗಿಯೇ ಬರ್ತದೆ. ಆದರೆ ಹೊಸ ಚಾಲಿಗೆ (ಒಣಗಿಸಿ ಸುಲಿದ ಅಡಿಕೆ) 480 ಇರಬೇಕಾದಲ್ಲಿ 1,920. ದಿನಾಂಕದ ಜಾಗ ಖಾಲಿ. ಮೂಲದಲ್ಲಿ 05/08/2024 ಅಂತ ಉಂಟು. ‘ಡಬ್ಬಲ್ ಚೋಲ್’ ಎಂಬ ಅಡಿಕೆ ದರ್ಜೆ ಮಾತ್ರ ಚಾರ್ಟಿನಲ್ಲಿ ಎರಡು ಗೆರೆಯಾಗಿ ಬರ್ತಾ ಉಂಟು, ಕಣ್ಣಿಗೆ ಅಕ್ಷರ ಒಂದೇ.

ಉತ್ತರ (ಕುಂಬಳೆ):
1,920 ಅಂದರೆ 480 ನಾಲ್ಕು ಸಲ. ನಾಲ್ಕೂ ಕಡೆಯ ದರವನ್ನು ಕೂಡಿಸಿ ಕೊಟ್ಟಿದೆ. ಸ್ಕೀಮಾದಲ್ಲಿ (ಕನೆಕ್ಟರಿನ ಕಾಲಂಗಳ ವಿವರಪಟ್ಟಿ) ದರದ ಮೆಟ್ರಿಕ್‌ಗೆ ಅಗ್ರಿಗೇಶನ್ ಈಗ ಬಹುಶಃ ‘ಸಮ್’ (ಮೊತ್ತ) ಉಂಟು, ಅದನ್ನು ‘ಆ್ಯವರೇಜ್’ (ಸರಾಸರಿ) ಮಾಡಿ.

ದಿನಾಂಕಕ್ಕೆ ವರ್ಷ-ತಿಂಗಳು-ದಿನದ ಟೈಪ್ ಕೊಟ್ಟಿದ್ದರೆ ಅದಕ್ಕೆ ಬೇಕಾದ್ದು 20240805, ನಡುವೆ ಗೆರೆ ಇಲ್ಲದ ಎಂಟು ಅಂಕಿ. ಜಾವಾಸ್ಕ್ರಿಪ್ಟಿನ ‘ನ್ಯೂ ಡೇಟ್’ಗೆ ಹಾಕಿ ತಿರುಗಿಸಲು ಹೋಗಬೇಡಿ, ಅದು 05/08 ಅನ್ನು ಮೇ 8 ಅಂತ ಓದ್ತದೆ. ಸ್ಲ್ಯಾಶ್‌ನಲ್ಲಿ ತುಂಡು ಮಾಡಿ ಹಿಂದುಮುಂದು ಜೋಡಿಸಿದರೆ ಸಾಕು.

ಉತ್ತರ (ಮಂಜೇಶ್ವರ):
ಎರಡು ಗೆರೆಯದ್ದು ಕನ್ನಡದ್ದೇ ಕಾಟ, ಕನೆಕ್ಟರಿನದ್ದಲ್ಲ. ಎರಡೂ ಹೆಸರಿನ ‘ಲೆಂಗ್ತ್’ (ಅಕ್ಷರ ಸಂಕೇತಗಳ ಎಣಿಕೆ) ಲಾಗ್ ಮಾಡಿ ನೋಡಿ. ಸರಿ ಇರುವ ‘ಡಬ್ಬಲ್ ಚೋಲ್’ 11. ಇನ್ನೊಂದು 12 ಬಂದರೆ ಹೆಚ್ಚಾಗಿ ಕೊನೆಯ ‘ಲ್’ ಆದ ಮೇಲೆ ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರ ಕೂತಿದೆ, ಯುನಿಕೋಡ್ 200ಸಿ. 13 ಬಂದರೆ ‘ಚೋ’ದ ಓತ್ವ ಮೂರು ತುಂಡಾಗಿ ಸೇರಿದೆ: ಎತ್ವ, ಊತ್ವ, ದೀರ್ಘ. ಒಬ್ಬರು ಮೊಬೈಲಲ್ಲಿ, ಇನ್ನೊಬ್ಬರು ಕಂಪ್ಯೂಟರಲ್ಲಿ ಟೈಪ್ ಮಾಡಿದರೆ ಹೀಗಾಗುವುದುಂಟು.

ತುಂಡಾದದ್ದಕ್ಕೆ, ತುಂಡುಗಳನ್ನು ಒಂದಾಗಿಸುವ ‘ನಾರ್ಮಲೈಜ್’, ಎನ್‌ಎಫ್‌ಸಿ ರೂಪದಲ್ಲಿ. ಆದರೆ 200ಸಿ ಅದಕ್ಕೆ ಹೋಗುವುದಿಲ್ಲ, ಬೇರೆಯೇ ತೆಗೆಯಬೇಕು. ತೆಗೆಯುವಾಗ ಸ್ಪೇಸಿನ ಮೊದಲು ಮತ್ತು ಪದದ ಕೊನೆಯಲ್ಲಿ ಇರುವುದನ್ನು ಮಾತ್ರ ತೆಗೆಯಿರಿ. ಸ್ಪೇಸ್ ಬಿಡದೆ ‘ಡಬ್ಬಲ್‌ಚೋಲ್’ ಅಂತ ಯಾರಾದರೂ ಬರೆದಿದ್ದರೆ ನಡುವಿನದ್ದು ಹೋದ ಕೂಡಲೇ ‘ಚ’ ಬಂದು ‘ಲ’ದ ಕೆಳಗೆ ಒತ್ತಕ್ಷರವಾಗಿ ನೇತಾಡ್ತದೆ. ಅಂಥ ಹೆಸರನ್ನು ಒಂದು ಪಟ್ಟಿ ಇಟ್ಟು ಬದಲಿಸುವುದೇ ಲೇಸು.

ಹಾಗೆಯೇ ದರ ‘೪೮೦’ ಅಂತ ಕನ್ನಡ ಅಂಕಿಯಲ್ಲಿದ್ದರೆ ‘ನಂಬರ್’ ಫಂಕ್ಷನ್ ಅದನ್ನು ಸಂಖ್ಯೆ ಅಂತ ಒಪ್ಪುವುದಿಲ್ಲ. ಪ್ರತಿ ಅಂಕಿಯ ಕ್ಯಾರೆಕ್ಟರ್ ಕೋಡಿನಿಂದ 3302 ಕಳೆಯಿರಿ, 0ಯಿಂದ 9 ಸಿಗ್ತದೆ.

ಪ್ರಶ್ನೆ (ಬದಿಯಡ್ಕ):
ಗೆರೆ ಒಂದಾಯಿತು, ದಿನಾಂಕವೂ ಬಂತು. ಈಗ ಒಂದು ದಿನ ಮಾತ್ರ ಸರಾಸರಿ 360. ಎಲ್ಲಾ ಕಡೆ 480 ಇದ್ದ ದಿನ ಅದು. ಮತ್ತೆ, ಟೇಬಲ್ಲಿಗೆ ಊರಿನ ಕಾಲಂ ಸೇರಿಸಿದರೆ ದರದ ಜಾಗದಲ್ಲಿ ‘ಪೆರ್ಲ’ ಬರ್ತದೆ.

ಉತ್ತರ (ಕುಂಬಳೆ):
ಆ ದಿನ ಒಂದು ಕಡೆ ಖರೀದಿ ಇರಲಿಕ್ಕಿಲ್ಲ. ಖಾಲಿ ಸ್ಟ್ರಿಂಗನ್ನು ‘ನಂಬರ್’ಗೆ ಕೊಟ್ಟರೆ ಸೊನ್ನೆ ಆಗ್ತದೆ: 480 ಮೂರು ಸಲ, ಸೊನ್ನೆ ಒಂದು, ನಾಲ್ಕರಿಂದ ಭಾಗಿಸಿದರೆ 360. ಖಾಲಿ ಇದ್ದರೆ ‘ನಲ್’ (ಮೌಲ್ಯವೇ ಇಲ್ಲ ಅಂತ) ಕಳಿಸಿ.

‘ಪೆರ್ಲ’ದ್ದು ಬೇರೆ. ಚಾರ್ಟ್ ಯಾವ ಫೀಲ್ಡ್ ಯಾವ ಕ್ರಮದಲ್ಲಿ ಕೇಳ್ತದೋ ಕನೆಕ್ಟರಿನ ‘ಗೆಟ್‌ಡೇಟಾ’ ಅಷ್ಟನ್ನೇ, ಅದೇ ಕ್ರಮದಲ್ಲಿ ಕೊಡಬೇಕು. ನಿಮ್ಮ ಕೋಡ್ ಎಲ್ಲಾ ಕಾಲಂ ತನ್ನ ಕ್ರಮದಲ್ಲೇ ಸುರಿಯುತ್ತಾ ಇರಬೇಕು. ರಿಕ್ವೆಸ್ಟಿನ ಫೀಲ್ಡ್‌ಗಳ ಮೇಲೆ ಲೂಪ್ ಓಡಿಸಿ ಸಾಲು ಕಟ್ಟಿ. ತಿದ್ದಿದ್ದು ಕಾಣದಿದ್ದರೆ ಗಾಬರಿ ಬೇಡ, ಹಳೆ ವರ್ಶನಿನ ಡಿಪ್ಲಾಯ್‌ಮೆಂಟಿಗೆ ಕಟ್ಟಿದ್ದಾಗಿರ್ತದೆ. ಪರೀಕ್ಷೆ ಮುಗಿಯುವವರೆಗೆ ಹೊಸ ಕೋಡನ್ನೇ ಓಡಿಸುವ ‘ಹೆಡ್’ ಡಿಪ್ಲಾಯ್‌ಮೆಂಟನ್ನೇ ಬಳಸಿ, ಸ್ಕೀಮಾ ಮುಟ್ಟಿದಾಗಲೆಲ್ಲ ಡೇಟಾ ಸೋರ್ಸಿನಲ್ಲಿ ಫೀಲ್ಡ್ ರಿಫ್ರೆಶ್ ಕೊಡಿ.